ಹೊಸ ಗಿಟಾರ್‌ಗೂ ಸೆಟಪ್ ಬೇಕು

ಫ್ಯಾಕ್ಟರಿಯಿಂದ ಬಂದ ಹೊಸ ಗಿಟಾರ್‌ಗೆ ಸೆಟಪ್, ಅಂದರೆ ತಂತಿಯ ಎತ್ತರ, ನೆಕ್‌ನ ಬಾಗು ಎಲ್ಲ ಹೊಂದಿಸುವ ಕೆಲಸ, ಬೇಕಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮರ ಅಲ್ವಾ, ಗಾಳಿಯ ತೇವ ಏರಿಳಿದ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ, ನೆಕ್ (ತಂತಿ ಒತ್ತುವ ಉದ್ದನೆಯ ಭಾಗ) ಬಾಗುತ್ತದೆ. ನನ್ನ ಮೊದಲ ಗಿಟಾರ್‌ನಲ್ಲಿ ಎಫ್ ಕಾರ್ಡ್ (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿದರೆ ತೋರುಬೆರಳಿನ ಮೇಲೆ ತಂತಿಯ ಗೆರೆ ಕೆಂಪಗೆ ಮೂಡುತ್ತಿತ್ತು. ಆರು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ನಟ್‌ನಲ್ಲಿ, ಅಂದರೆ ನೆಕ್‌ನ ತುದಿಯ ಸಣ್ಣ ಪಟ್ಟಿಯಲ್ಲಿ, ತಂತಿ ಕೂರುವ ಕಚ್ಚುಗಳಿಗೆ ಆಳವೇ ಸಾಲದು, ಅದಕ್ಕೇ ತಂತಿ ಎತ್ತರದಲ್ಲಿತ್ತು! ಎಷ್ಟೋ ಜನ ಕಲಿಯುವುದನ್ನು ಬಿಡುವುದು ಇಂಥ ನೋವಿನಿಂದಲೇ, ಅದು ನನಗೆ ನಿಜವಾಗಿ ಬೇಜಾರು.

12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಎಲ್ಲಕ್ಕಿಂತ ದಪ್ಪ ತಂತಿಯ ಎತ್ತರ ಅಳೆದು ನೋಡಿ. ಅಕೌಸ್ಟಿಕ್‌ನಲ್ಲಿ ಸುಮಾರು 2.5 ಮಿ.ಮೀ. ಸಾಕು. ತುಂಬಾ ಜಾಸ್ತಿ ಇದ್ದರೆ ತಿಳಿದವರ ಕೈಗೆ ಕೊಡಿ. ಟ್ರಸ್ ರಾಡ್ (ನೆಕ್ ಒಳಗಿದ್ದು ಅದರ ಬಾಗು ಹೊಂದಿಸುವ ಲೋಹದ ಕಡ್ಡಿ) ನೀವೇ ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.