ಕಡಲಿನಿಂದ ಬಂದ ನಿವೃತ್ತ ನಾವಿಕರಿಗೆ ಕೋಲಾರದಲ್ಲಿ ಪ್ರತ್ಯೇಕ ಬಡಾವಣೆ ಬೇಕೇ?

ಪರ: ಟ್ರಂಕಿನ ಮೇಲೆ ಬರೆಯಲು ಇನ್ನೊಂದು ಊರು ಬೇಡ
(ನೌಕಾಪಡೆಯ ನಿವೃತ್ತ ಪೆಟಿ ಆಫೀಸರ್ ಒಬ್ಬರ ಪತ್ನಿ, ಕೋಲಾರ)

ನಮ್ಮ ಯಜಮಾನರು ನೌಕಾಪಡೆಯಿಂದ ನಿವೃತ್ತರಾಗಿ ಕೋಲಾರಕ್ಕೆ ಬಂದಾಗ ಅವರಿಗೆ 34 ವರ್ಷ. ಬಾಡಿಗೆ ಮನೆ ಹುಡುಕಿಕೊಂಡು ಹೋದ ಕಡೆಯೆಲ್ಲ “ಏನು ಕೆಲಸ?” ಎಂಬ ಪ್ರಶ್ನೆ. ನಿವೃತ್ತರು ಎಂದರೆ ಮನೆಯವರು ಅವರ ಕಪ್ಪು ತಲೆಗೂದಲನ್ನು ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, “ಕೆಲಸದಿಂದ ತೆಗೆದುಬಿಟ್ಟರೇನಮ್ಮಾ?” ಎಂದು ಮೆಲ್ಲಗೆ ಕೇಳಿದರು. ಯಾರೂ ತೆಗೆದಿರಲಿಲ್ಲ. 19ಕ್ಕೆ ಸೇರಿದವರು 15 ವರ್ಷದ ಸೇವೆ ಮುಗಿಸಿ, ಪಿಂಚಣಿ ಪಡೆದು, ಮರ್ಯಾದೆಯಿಂದ ಊರಿಗೆ ಬಂದಿದ್ದರು. ಆದರೆ 34ರ ಪಿಂಚಣಿದಾರ ಎಂದರೆ ನಮ್ಮ ಕಡೆ ನಂಬುವವರಿಲ್ಲ.

ಈ ವಯಸ್ಸನ್ನು ದಯವಿಟ್ಟು ಮನಸ್ಸಿನಲ್ಲಿಡಿ, ಮತ್ತೆ ಮತ್ತೆ ಹೇಳುತ್ತೇನೆ. ತಾಲ್ಲೂಕು ಕಚೇರಿಯ ಗುಮಾಸ್ತರು 60ಕ್ಕೆ ನಿವೃತ್ತರಾಗುತ್ತಾರೆ. ಅಷ್ಟರಲ್ಲಿ ಸಾಲ ಮಾಡಿ ಸೈಟು ಕೊಂಡು, ಗಾರೆಯವರ ಹಿಂದೆ ಓಡಾಡಿ ಮನೆ ಕಟ್ಟಿ, ಸಾಲವನ್ನೂ ತೀರಿಸಿರುತ್ತಾರೆ. ನಾವಿಕನಿಗೆ ಸಂಬಳ ನಿಲ್ಲುವುದು ಮಕ್ಕಳು ಪ್ರಾಥಮಿಕ ಶಾಲೆಯಲ್ಲಿರುವಾಗ. ಪಡೆ ಕೊಟ್ಟ ಕ್ವಾರ್ಟರ್ಸನ್ನು ಗಡುವಿನೊಳಗೆ ಬಿಡಬೇಕು. ಸಾಲ ಕೇಳಿದರೆ ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ಮನೆ ಕಟ್ಟಬೇಕಾದ ವಯಸ್ಸಿನಲ್ಲೇ ಅವನ ಕೈಯಲ್ಲಿದ್ದ ಮನೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಕರಿ ಬಣ್ಣದ ಒಂದು ಕಬ್ಬಿಣದ ಟ್ರಂಕು ಇದೆ. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಯಜಮಾನರ ಹೆಸರು, ನಂಬರು, ಕೆಳಗೆ ಹೋಗಬೇಕಾದ ಊರು. ವರ್ಗವಾದಾಗಲೆಲ್ಲ ಹಳೆಯ ಊರಿನ ಮೇಲೆ ಕರಿ ಬಣ್ಣ ಬಳಿದು ಹೊಸ ಊರು ಬರೆಯುತ್ತಿದ್ದರು. ಬೆಳಕಿಗೆ ಓರೆಯಾಗಿ ಹಿಡಿದರೆ ಕಾರವಾರದ ಕೆಳಗೆ ಜಾಮ್‌ನಗರ, ಅದರ ಕೆಳಗೆ ವಿಶಾಖಪಟ್ಟಣ, ಎಲ್ಲಕ್ಕೂ ಅಡಿಯಲ್ಲಿ ಕೊಚ್ಚಿ ಇನ್ನೂ ಕಾಣುತ್ತದೆ. ಒಂದೊಂದು ಕ್ವಾರ್ಟರ್ಸ್ ಬಿಡುವಾಗಲೂ ಪಟ್ಟಿ ಹಿಡಿದು ಬಂದವರು ನಲ್ಲಿ ಎಣಿಸುತ್ತಿದ್ದರು, ಬಲ್ಬಿನ ಹೋಲ್ಡರ್ ಎಣಿಸುತ್ತಿದ್ದರು, ಕಿಟಕಿಯ ಗಾಜು ಎಣಿಸುತ್ತಿದ್ದರು. ದೇವರ ಪಟಕ್ಕೆ ಹೊಡೆದ ಮೊಳೆಯ ತೂತುಗಳಿಗೆ ನಾನು ಹಿಂದಿನ ರಾತ್ರಿಯೇ ಬಿಳಿ ಟೂತ್‌ಪೇಸ್ಟ್ ತುಂಬಿ ಬೆರಳಿನಿಂದ ಸಮ ಮಾಡಿರುತ್ತಿದ್ದೆ. ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಿಲ್ಲದ ಒಂದು ಗೋಡೆ ಇದ್ದರೆ ಸಾಕೆಂದು ಆಗಿನಿಂದಲೂ ಆಸೆ.

ನಾವಿಕನ ವಸತಿಯ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ. 1692ರಲ್ಲಿ ಲಾ ಹೋಗ್ ಕದನದಿಂದ ಗಾಯಗೊಂಡು ಮರಳಿದ ನಾವಿಕರ ಸ್ಥಿತಿ ಕಂಡು ಇಂಗ್ಲೆಂಡಿನ ರಾಣಿ ಎರಡನೇ ಮೇರಿ ಮರುಗಿದಳು. 1694ರಲ್ಲಿ ಗ್ರಿನಿಚ್‌ನಲ್ಲಿ ಅವರಿಗೊಂದು ಆಶ್ರಯಧಾಮಕ್ಕೆ ಸನ್ನದು ಸಿಕ್ಕಿತು. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟೊಫರ್ ರೆನ್ ಅದರ ನಕ್ಷೆ ಹಾಕಿದ. 1705ರಲ್ಲಿ ಮೊದಲ ನಾವಿಕರು ಒಳಗೆ ಕಾಲಿಟ್ಟರು. 1814ರ ವೇಳೆಗೆ ಅಲ್ಲಿ 2,700ಕ್ಕೂ ಹೆಚ್ಚು ಮಂದಿ ವಾಸವಿದ್ದರು. ಥೇಮ್ಸ್ ನದಿಯ ದಡದಲ್ಲಿ ಅರಮನೆಯಂಥ ಕಟ್ಟಡ! ಕಡಲಿನಲ್ಲಿ ಸವೆದವರಿಗೆ ನೆಲದಲ್ಲಿ ಜಾಗ ಕೊಡುವುದು ರಾಜ್ಯದ ಹೊಣೆ ಎಂದು ಮುನ್ನೂರು ವರ್ಷಗಳ ಹಿಂದೆಯೇ ಒಪ್ಪಿದ್ದರು.

ನಮ್ಮ ದೇಶದಲ್ಲಿ ಬ್ರಿಟಿಷರ ಕೈಕೆಳಗಿದ್ದ ನಾವಿಕರಿಗೆ ಆ ಭಾಗ್ಯವಿರಲಿಲ್ಲ. 1946ರ ಫೆಬ್ರವರಿ 18ರಂದು ಮುಂಬೈಯ ತಲ್ವಾರ್ ಸಿಗ್ನಲ್ ಶಾಲೆಯಲ್ಲಿ ಎದ್ದ ಬಂಡಾಯವನ್ನು ನಾವು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಓದುತ್ತೇವೆ. ಆ ಹುಡುಗರ ಮೊದಲ ದೂರುಗಳು ಕೆಟ್ಟ ಊಟ, ಕೆಟ್ಟ ವಸತಿ, ಬಿಳಿ ಅಧಿಕಾರಿಗಳ ಬೈಗುಳ ಎಂಬುದನ್ನು ಮರೆಯಬಾರದು. ಸ್ವಾತಂತ್ರ್ಯ ಬಂದ ಮೇಲೂ ಮನೆಯ ವಿಷಯ ನಿಧಾನವಾಗಿಯೇ ಸಾಗಿತು. ಭೂಸೇನೆಯವರಿಗೆ ಆರ್ಮಿ ವೆಲ್‌ಫೇರ್ ಹೌಸಿಂಗ್ ಆರ್ಗನೈಸೇಷನ್ ಹುಟ್ಟಿದ್ದು 1978ರಲ್ಲಿ, ವಾಯುಪಡೆ ಮತ್ತು ನೌಕಾಪಡೆಗೆ ಜಂಟಿಯಾಗಿ ಏರ್ ಫೋರ್ಸ್ ನೇವಲ್ ಹೌಸಿಂಗ್ ಬೋರ್ಡ್ ಹುಟ್ಟಿದ್ದು 1980ರಲ್ಲಿ. ಸೇವೆಯಲ್ಲಿರುವಾಗ ಹೆಂಡತಿ ಮಕ್ಕಳೊಂದಿಗೆ ಇರಲು ಸಾಕಷ್ಟು ಕ್ವಾರ್ಟರ್ಸ್ ಇಲ್ಲವೆಂದು ಮೂರೂ ಪಡೆಗಳಿಗೆ ದೊಡ್ಡ ಯೋಜನೆ ಶುರುವಾಗಲು 2002 ಬರಬೇಕಾಯಿತು.

ಬೋರ್ಡ್ ಕಟ್ಟಿಸುವ ‘ಜಲವಾಯು ವಿಹಾರ’ ಎಂಬ ವಸತಿ ಸಮುಚ್ಚಯಗಳು ಲಾಭ ನಷ್ಟವಿಲ್ಲದ ಲೆಕ್ಕದಲ್ಲಿ ನಡೆಯುತ್ತವೆ, ಹಣ ಸದಸ್ಯರದೇ. ಒಳ್ಳೆಯ ಕೆಲಸ, ಕೈ ಮುಗಿಯುತ್ತೇನೆ. ಆದರೆ ಅವು ಎದ್ದಿರುವುದು ಬೆಂಗಳೂರಿನ ಕಮ್ಮನಹಳ್ಳಿಯ ಮಗ್ಗುಲಲ್ಲಿ, ಮುಂಬೈಯ ಪವಾಯಿಯಲ್ಲಿ, ನೋಯ್ಡಾದಲ್ಲಿ. ಅಲ್ಲಿನ ನೆಲದ ಬೆಲೆಯೇ ನಾವಿಕನ ಕಂತನ್ನು ನುಂಗುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಹೋದ ಹುಡುಗ ಹಡಗಿನ ಎಂಜಿನ್ ರೂಮಿನಲ್ಲಿ ಬೆಂದು ಬಂದ ಮೇಲೆ ಮಹಾನಗರದ ಫ್ಲಾಟಿನ ಕಂತು ಎಲ್ಲಿಂದ ತರಬೇಕು? ಅವನಿಗೆ ಬೇಕಾದದ್ದು ಅವನ ಜಿಲ್ಲೆಯಲ್ಲಿ, ಸರ್ಕಾರಿ ದರದಲ್ಲಿ, 30×40ರ ಒಂದು ನಿವೇಶನ. ದಾನ ಕೇಳುತ್ತಿಲ್ಲ. ಸೇವೆಯಲ್ಲಿರುವಾಗಲೇ ಹಂಚಲಿ, ಸಂಬಳದಿಂದಲೇ ಕಂತು ಹಿಡಿಯಲಿ, 34ಕ್ಕೆ ಬರುವಾಗ ಬಾಗಿಲಿನ ಬೀಗದ ಕೈ ಅವನ ಜೇಬಿನಲ್ಲಿರಲಿ.

ಊರವರ ನಡುವೆಯೇ ಇರಬಹುದಲ್ಲ, ಪ್ರತ್ಯೇಕ ಬಡಾವಣೆ ಏಕೆ ಎನ್ನುವವರಿಗೆ ವಿಶಾಖಪಟ್ಟಣದ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಮಗಳು ಹೊಟ್ಟೆಯಲ್ಲಿದ್ದಳು, ಹಡಗು ಸಮುದ್ರದಲ್ಲಿತ್ತು, ಹೊರಗೆ ಗಾಳಿ ಮಳೆ, ಕರೆಂಟು ಇರಲಿಲ್ಲ. ನೋವು ಬಂದದ್ದು ರಾತ್ರಿ ಎರಡರ ಹೊತ್ತಿಗೆ. ಎದುರು ಮನೆಯ ಪಂಜಾಬಿ ಅಕ್ಕ ಒಂದು ಕಡೆ, ಮೇಲಿನ ಮನೆಯ ಮಲಯಾಳಿ ಹುಡುಗಿ ಇನ್ನೊಂದು ಕಡೆ ಹಿಡಿದು, ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ಇಬ್ಬರ ಗಂಡಂದಿರೂ ಅದೇ ಹಡಗಿನಲ್ಲಿದ್ದರು. ಕೋಲಾರದವಳಾದ್ದರಿಂದ ತೆಲುಗು ಬರುತ್ತಿತ್ತು, ನೋವಿನಲ್ಲೇ ಆಟೊದವನಿಗೆ ದಾರಿ ಹೇಳಿದೆ. ಪಂಜಾಬಿ ಅಕ್ಕ ತನ್ನ ಶಾಲು ಹೊದಿಸಿ, ಬೆಳಗಾಗುವವರೆಗೆ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಯಜಮಾನರು ಮಗಳ ಮುಖ ನೋಡಿದ್ದು ಹದಿನೆಂಟು ದಿನಗಳ ಮೇಲೆ. ಗಂಡ ಆರು ತಿಂಗಳು ಇಲ್ಲದ ಮನೆ ಹೇಗೆ ನಡೆಯುತ್ತದೆ ಎಂಬುದು ಅದೇ ಬಾಳು ಬಾಳಿದವರಿಗಷ್ಟೇ ಗೊತ್ತು. ಆ ನೆರೆಹೊರೆಯನ್ನು ನಿವೃತ್ತಿಯ ದಿನ ಕಿತ್ತುಕೊಳ್ಳಬೇಡಿ.

ನೌಕಾಪಡೆಯಿಂದಾಗಿ ಕಾರವಾರದಲ್ಲಿ ಜನ ನೆಲೆ ಕಳೆದುಕೊಂಡರು ಎಂದು ಕೆಲವರು ಆಕ್ಷೇಪಿಸುತ್ತಾರೆ. ಅದು ಯುದ್ಧನೌಕೆಗಳ ನೆಲೆಯ ಮಾತು, ನಾನು ಆಡುತ್ತಿರುವುದು ನಾಲ್ಕು ಗೋಡೆಯ ಮನೆಯ ಮಾತು. ಒಂದಕ್ಕೊಂದು ಕಲಸಬೇಡಿ. ಹಣ ಕೊಟ್ಟರೆ ಸಾಲದೇ ಎನ್ನುವವರೂ ಇದ್ದಾರೆ. ಅವರಿಗೆ ನಾವಿಕ ಎಂದರೆ ಆಗಸ್ಟ್ 15ರ ಚಪ್ಪಾಳೆ, ಒಂದು ಶಾಲು, ಒಂದು ಲಕೋಟೆ.

2022ರ ಕೊನೆಯಿಂದ ಅಗ್ನಿವೀರರಾಗಿ ಸೇರಿದ ಹುಡುಗರು ಹುಡುಗಿಯರಲ್ಲಿ ನಾಲ್ಕನೇ ಒಂದು ಪಾಲನ್ನಷ್ಟೇ ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುತ್ತಾರೆ. ಉಳಿದವರು ಪಿಂಚಣಿಯಿಲ್ಲದೆ ಮರಳುತ್ತಾರೆ. 34ಕ್ಕೇ ನಮ್ಮ ಮುಖ ನೋಡಿ ಬಾಗಿಲು ಮುಚ್ಚಿದವರು 25ಕ್ಕೆ ಬರುವ ಆ ಮಕ್ಕಳಿಗೆ ಏನು ಹೇಳುತ್ತಾರೆ? ಬಡಾವಣೆಯಲ್ಲಿ ಅವರಿಗೂ ಪಾಲು ಇರಬೇಕು.

ವಿರೋಧ: ನಮ್ಮ ಬೀದಿಯ ನಾವಿಕ ನಮ್ಮ ಬೀದಿಯಲ್ಲೇ ಇರಲಿ
(ನಿವೃತ್ತ ಪ್ರೌಢಶಾಲಾ ಶಿಕ್ಷಕ, ಬಂಗಾರಪೇಟೆ)

ವಿರೋಧದ ಪಕ್ಷವನ್ನು ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ನಾವಿಕರಿಗೆ ಮನೆ ಬೇಡವೆನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ನನ್ನ ತಕರಾರು ಇರುವುದು ‘ಪ್ರತ್ಯೇಕ ಬಡಾವಣೆ’ ಎಂಬ ಎರಡು ಮಾತುಗಳ ಬಗ್ಗೆ.

ಗ್ರಿನಿಚ್‌ನ ಕಥೆಯನ್ನು ಅಭಿಮಾನದಿಂದ ಹೇಳುವವರು ಅದರ ಕೊನೆಯನ್ನೂ ಹೇಳಬೇಕು. 1865ರಲ್ಲಿ ಅಲ್ಲಿನ ವಾಸಿಗಳಿಗೆ ಒಂದು ಆಯ್ಕೆ ಕೊಟ್ಟರು: ಇಲ್ಲೇ ಇರಿ, ಇಲ್ಲವೇ ಪಿಂಚಣಿ ಹಣ ತೆಗೆದುಕೊಂಡು ನಿಮ್ಮ ಜನರ ಬಳಿಗೆ ಹೋಗಿ. ಬಹುಪಾಲು ಮಂದಿ ಹೊರಟೇಬಿಟ್ಟರು. 1869ರಲ್ಲಿ ಆ ಧಾಮದ ಬಾಗಿಲು ಮುಚ್ಚಿತು. ರೆನ್ ಕಟ್ಟಿದ ಕಂಬಗಳಿಗಿಂತ ಹೆಂಡತಿ ಮಕ್ಕಳಿರುವ ಓಣಿಯೇ ಆ ಮುದುಕರಿಗೆ ಹಿತವೆನಿಸಿತು.

ಎರಡನೆಯದು ನೆಲದ ವಿಚಾರ. ಕರ್ನಾಟಕದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಆಗಲೇ ಪಾಲು ಮೀಸಲಿದೆ. ಅದನ್ನು ಸರಿಯಾಗಿ ಕೊಡಿಸುವುದು ಬಿಟ್ಟು ಹೊಸ ಬಡಾವಣೆ ಎಂದರೆ ಮತ್ತೊಂದು ಗೋಮಾಳ ಹೋಗುತ್ತದೆ, ಕುರಿ ಮೇಯಿಸುವವನು ಇನ್ನೂ ದೂರ ನಡೆಯುತ್ತಾನೆ. ಕಾರವಾರದ ವಿಷಯವನ್ನು ಹಾಗೆ ಪಕ್ಕಕ್ಕೆ ಸರಿಸಲಾಗದು. ಅಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನಡುವೆ ಕಾರವಾರ, ಅಂಕೋಲಾ ತೀರದ ಸಾವಿರಾರು ಮೀನುಗಾರ, ರೈತ ಕುಟುಂಬಗಳು ಎದ್ದುಹೋದವು. ಪರಿಹಾರದ ವ್ಯಾಜ್ಯ ಆಮೇಲೂ ವರ್ಷಗಟ್ಟಲೆ ನಡೆಯಿತು. ನೌಕಾಪಡೆಯ ಕ್ವಾರ್ಟರ್ಸ್ ನಿಂತಿರುವುದೂ ನೆಲದ ಮೇಲೆಯೇ ಅಲ್ಲವೇ?

ಮುಂಬೈಯ ಕೊಲಾಬಾದಲ್ಲಿ ಸೈನಿಕರ ಹೆಸರು ಹೇಳಿಕೊಂಡು ಎದ್ದ 31 ಅಂತಸ್ತಿನ ‘ಆದರ್ಶ’ದಲ್ಲಿ ಫ್ಲಾಟುಗಳು ಯಾರ ಪಾಲಾದವು ಎಂಬ ಹಗರಣದಿಂದ 2010ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಪ್ರತ್ಯೇಕ ಬಡಾವಣೆ ಎಂದ ಕೂಡಲೇ ಪ್ರಭಾವಿಗಳ ಕಣ್ಣು ಅದರ ಮೇಲೆ ಬೀಳುತ್ತದೆ.

ಇಷ್ಟು ನಾನು ಪುಸ್ತಕ, ಪತ್ರಿಕೆಗಳಿಂದ ತಿಳಿದದ್ದು. ಕಣ್ಣಾರೆ ಕಂಡದ್ದು ಕೆಜಿಎಫ್‌ನ ಲೈನ್ ಮನೆಗಳನ್ನು. ನಮ್ಮ ದೊಡ್ಡಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದರು, ನೆಲದ ಕೆಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿ. ರಜೆಗೆ ಹೋದಾಗ ನಾನು ಅವರ ಮನೆಯ ಹೊಸ್ತಿಲಲ್ಲಿ ಮಲಗುತ್ತಿದ್ದೆ. ಸಾಲಿನ ಕೊನೆಯವರೆಗೂ ಒಂದೇ ಅಳತೆಯ ಬಾಗಿಲುಗಳು, ಒಂದೇ ತಗಡಿನ ಮಾಡು, ಪಾಳಿಯ ಸೈರನ್ ಕೂಗಿದರೆ ಎಲ್ಲ ಮನೆಗಳಿಂದ ಒಟ್ಟಿಗೆ ಕೆಮ್ಮು ಕೇಳಿಸುತ್ತಿತ್ತು. ಬೇಸಿಗೆಯ ಗಾಳಿಗೆ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬದಿಂದ ಬೂದು ಪುಡಿ ಹಾರಿ ಬಂದು ನೀರಿನ ಬಿಂದಿಗೆಯ ಮೇಲಿನ ಬಟ್ಟೆಯಲ್ಲಿ ಕೂರುತ್ತಿತ್ತು. ದೊಡ್ಡಮ್ಮ ದಿನಕ್ಕೆ ಮೂರು ಸಲ ಅದನ್ನು ಕೊಡವುತ್ತಿದ್ದರು. ಆ ಬೀದಿಯಲ್ಲಿ ಪರಸ್ಪರ ಪ್ರೀತಿಗೆ ಕೊರತೆಯಿರಲಿಲ್ಲ, ಯಾರ ಮನೆಯಲ್ಲಿ ಸಾವಾದರೂ ಬೀದಿಯೆಲ್ಲ ಒಲೆ ಹಚ್ಚುತ್ತಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದೇ ದಿನ ಆ ಸಾಲಿನ ಅಷ್ಟೂ ಮನೆಗಳ ಕೆಲಸ ಹೋಯಿತು. ಬೇರೆ ಬೀದಿಯಾಗಿದ್ದರೆ ಒಬ್ಬ ಅಂಗಡಿಯವನು, ಒಬ್ಬ ಮೇಷ್ಟ್ರು, ಒಬ್ಬ ರೈತ ಇರುತ್ತಿದ್ದರು, ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು. ಅಲ್ಲಿ ಎಲ್ಲರ ಕೈಯೂ ಖಾಲಿ. ಸಾಲ ಕೇಳಲು ಹೋದವನಿಗೆ ಬಾಗಿಲು ತೆಗೆದವನೂ ಸಾಲ ಹುಡುಕುತ್ತಿದ್ದ. ಗಂಡಸರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಲು ಶುರು ಮಾಡಿದರು. ದೊಡ್ಡಪ್ಪ ಆ ವರ್ಷವಿಡೀ ಹಳೆಯ ಸೈರನ್ನಿನ ಹೊತ್ತಿಗೇ ಎದ್ದು, ತಲೆಗೆ ಟವಲು ಸುತ್ತಿ, ಜಗುಲಿಯ ಮೇಲೆ ಕೂರುತ್ತಿದ್ದರು. ಒಂದೇ ಕಸುಬಿನವರ ಬಡಾವಣೆ ಎಂದರೆ ನನಗೆ ಆ ಜಗುಲಿಯೇ ಕಣ್ಣಿಗೆ ಕಟ್ಟುತ್ತದೆ.

ಈಗ ನಮ್ಮ ಬೀದಿಯಲ್ಲಿ, ಎಂಟು ಮನೆ ಆಚೆಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದ್ದಾನೆ, ನೌಕಾಪಡೆಯ ಎಲೆಕ್ಟ್ರಿಕಲ್ ವಿಭಾಗದಿಂದ ಬಂದವನು. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಬೀದಿಯವರು ಹೋಗುವುದು ಅವನ ಬಳಿಗೆ. ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ, ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಟ್ಟುಕೊಳ್ಳುತ್ತಾನೆ. ಹಡಗಿನಲ್ಲಿ ಕಲಿತ ಅಭ್ಯಾಸವಂತೆ. ಸಂಜೆ ಹತ್ತನೇ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿಕೊಡುತ್ತಾನೆ. ಹೋದ ವರ್ಷ ಆ ಮಕ್ಕಳಲ್ಲೊಬ್ಬ ಪಾಲಿಟೆಕ್ನಿಕ್ ಸೇರಿದ. ಊರಾಚೆ ಗೇಟು ಹಾಕಿದ ಬಡಾವಣೆಯಲ್ಲಿ ಅವನನ್ನು ಕೂರಿಸಿದರೆ ಈ ಮಕ್ಕಳು ಅಲ್ಲಿಗೆ ಹೋಗುತ್ತಾರೆಯೇ?

ಆದರೆ ಅವನಿರುವುದು ಬಾಡಿಗೆ ಮನೆ, ಮಾಲೀಕರು ಅದನ್ನು ಮಾರಲು ಸಿದ್ಧರಿದ್ದಾರೆ, ಕೊಳ್ಳಲು ಇವನೂ ಸಿದ್ಧನಿದ್ದಾನೆ. ಪಿಂಚಣಿಯ ಮೇಲೆ ಸಿಗುವ ಸಾಲ ಅರ್ಧ ಬೆಲೆಗೂ ಸಾಲದು. ಪತ್ರಕ್ಕೆ ಮುದ್ರಾಂಕ ಶುಲ್ಕ ಬೇರೆ. ಬಡಾವಣೆಗೆ ಹಾಕುವ ಹಣದಲ್ಲಿ ಇಂಥವರ ಬಡ್ಡಿಯ ಒಂದು ಪಾಲನ್ನು ಸರ್ಕಾರ ಹೊತ್ತರೆ, ಮುದ್ರಾಂಕ ಶುಲ್ಕ ಬಿಟ್ಟರೆ, ಅವನು ಮುಂದಿನ ಯುಗಾದಿಗೆ ಅದೇ ಮನೆಗೆ ಸುಣ್ಣ ಬಳಿದು ತನ್ನ ಹೆಸರಿನ ಹಲಗೆ ಹಾಕಬಹುದು.