ಹದಿನಾಲ್ಕು ವರ್ಷದ ತಪ್ಪು ಲೆಕ್ಕ

ಮೈಸೂರು, ಮಂಡ್ಯದ ಕಡೆ ಘೋರ ಕೊಲೆಯ ಸುದ್ದಿ ಬಂದಾಗಲೆಲ್ಲ ಒಂದೇ ಮಾತು: ‘ಗಲ್ಲಿಗೇ ಹಾಕ್ಬೇಕು, ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷಕ್ಕೆ ಆಚೆ ಬರ್ತಾನೆ.’ ಸಿಟ್ಟು ನ್ಯಾಯವಾದದ್ದು, ಲೆಕ್ಕ ತಪ್ಪು. ನಮ್ಮ ಕಾನೂನಿನಲ್ಲಿ ಜೀವಾವಧಿ ಎಂದರೆ ಉಸಿರಿರುವ ತನಕ. ಕೊಲೆಗೆ ಜೀವಾವಧಿ ಆದವನಿಗೆ ಸರ್ಕಾರ ಶಿಕ್ಷೆ ಮಾಫಿ ಮಾಡುವುದಾದರೂ ಅವನು 14 ವರ್ಷ ಒಳಗಿದ್ದಿರಲೇಬೇಕು, ಆ ಅಂಕಿಯ ಅರ್ಥ ಅಷ್ಟೇ. ಬಿಡುಗಡೆ ಅವನ ಹಕ್ಕಲ್ಲ.

ನಾನಿರುವ ಇಂಗ್ಲೆಂಡಿನಲ್ಲಿ ಕೊನೆಯ ಗಲ್ಲು ಆದದ್ದು 1964ರ ಆಗಸ್ಟಿನಲ್ಲಿ. ಟಿಮತಿ ಇವಾನ್ಸ್ ಎಂಬಾತನನ್ನು 1950ರಲ್ಲಿ ನೇಣಿಗೇರಿಸಿದರು. ಅವನ ವಿರುದ್ಧ ಸಾಕ್ಷಿ ಹೇಳಿದ ಕೆಳಮನೆಯವನೇ ಸರಣಿ ಕೊಲೆಗಾರ ಎಂಬುದು ಮೂರು ವರ್ಷದ ಮೇಲೆ ಬಯಲಾಯಿತು. ಕ್ಷಮಾದಾನ ಬಂದದ್ದು 1966ರಲ್ಲಿ, ಹೆಣಕ್ಕೆ. ಈಗ ಇಲ್ಲಿ ಕೊಲೆಗೆ ಜೀವಾವಧಿ ಕಡ್ಡಾಯ. ಎಷ್ಟು ವರ್ಷ ಪರೋಲಿನ, ಅಂದರೆ ಷರತ್ತಿನ ಬಿಡುಗಡೆಯ, ಮಾತೇ ಇಲ್ಲ ಎಂಬುದನ್ನು ನ್ಯಾಯಾಧೀಶರು ಶಿಕ್ಷೆಯ ದಿನವೇ ತೆರೆದ ಕೋರ್ಟಿನಲ್ಲಿ ಹೇಳುತ್ತಾರೆ. ವಯಸ್ಕರಿಗೆ ಲೆಕ್ಕ 15ರಿಂದ ಶುರು. ಚಾಕು ಒಯ್ದು ಕೊಂದರೆ 25, ಬಂದೂಕಾದರೆ 30, ಅತಿ ಘೋರವಾದರೆ ಸಾಯುವ ತನಕ. ಸತ್ತವರ ಮನೆಯವರು ಆ ಅಂಕಿ ತಿಳಿದುಕೊಂಡೇ ಕೋರ್ಟಿನ ಮೆಟ್ಟಿಲಿಳಿಯುತ್ತಾರೆ.

ಮೈಸೂರಿನ ಸೆಷನ್ಸ್ ನ್ಯಾಯಾಧೀಶರಿಗೆ ಈ ಅಧಿಕಾರ ಇಲ್ಲ. ಮಾಫಿ ಇಲ್ಲದ ಜೀವಾವಧಿಗೆ ಸುಪ್ರೀಂ ಕೋರ್ಟ್ 2008ರಲ್ಲಿ ದಾರಿ ಮಾಡಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಆದರೆ 2015ರಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಅದನ್ನು ಹೈಕೋರ್ಟ್, ಸುಪ್ರೀಂ ಕೋರ್ಟುಗಳಿಗೆ ಮಾತ್ರ ಬಿಟ್ಟಿತು. ಕೆಳಗಿನ ಕೋರ್ಟಿಗೆ ಉಳಿದದ್ದು ಮಾಮೂಲಿ ಜೀವಾವಧಿ, ಇಲ್ಲವೇ ಗಲ್ಲು. ಊರೆಲ್ಲ ಹದಿನಾಲ್ಕೇ ವರ್ಷ ಎಂದು ನಂಬಿರುವಾಗ ಜೀವಾವಧಿ ಬರೆದ ನ್ಯಾಯಾಧೀಶರು ಕೈ ಸಡಿಲ ಬಿಟ್ಟರು ಎನ್ನಿಸಿಕೊಳ್ಳುತ್ತಾರೆ. ಗಲ್ಲು ಬರೆದರೆ ಕಡತ ದೃಢೀಕರಣಕ್ಕೆ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ, ಆಮೇಲೆ ರಾಷ್ಟ್ರಪತಿಗೆ.

ಪಾಲಾರ್ ನೆಲಬಾಂಬ್ ಪ್ರಕರಣವನ್ನೇ ನೋಡಿ. 1993ರ ಏಪ್ರಿಲ್ 9ರಂದು 22 ಜನ ಸತ್ತರು. 2001ರಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ಕೋರ್ಟ್ ವೀರಪ್ಪನ್ನನ ನಾಲ್ವರು ಸಹಚರರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಯಾಗಿ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು, 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿಯಲ್ಲಿ, ಆ ವಿಳಂಬವೇ ಕಾರಣವಾಗಿ, ಮತ್ತೆ ಜೀವಾವಧಿ. ಅದೇ ಅಪರಾಧ, ಅದೇ ನಾಲ್ವರು. ಹೀಗೆ ಹೊಯ್ದಾಡುವ ತಕ್ಕಡಿಯಲ್ಲಿ ಮರಳಿ ತರಲಾಗದ ಜೀವವನ್ನು ತೂಗುವುದು ಅಧರ್ಮ ಎಂದೇ ನಾನು ಗಲ್ಲಿಗೆ ವಿರೋಧಿ.

ಸತ್ತ ಪೊಲೀಸರ, ಅರಣ್ಯ ಸಿಬ್ಬಂದಿಯ ಮನೆಯವರು ಕೊನೆಯ ಉತ್ತರಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾದರು. ಸಂಸತ್ತು ಕಾನೂನು ತಿದ್ದಿ, 25 ಅಥವಾ 30 ವರ್ಷ ಮಾಫಿ ಇಲ್ಲವೆಂದು ಬರೆಯುವ ಅಧಿಕಾರವನ್ನು ಸೆಷನ್ಸ್ ಕೋರ್ಟಿಗೇ ಕೊಟ್ಟರೆ, ಮೊದಲ ತೀರ್ಪಿನ ದಿನವೇ ಅವರಂಥವರ ಕೈಗೆ ಒಂದು ಅಂಕಿ ಸಿಗುತ್ತದೆ.