ಹೊರಗೆ ಬರುವಾಗಿನ ಕಷ್ಟವನ್ನೂ ಬರೀಬೇಕಿತ್ತು

'ರಿವರ್ಸ್‌ನಲ್ಲಿ ನಿಲ್ಲಿಸುವವರು ಹಿಂದಿನವರ ಸಮಯ ಹಾಳು ಮಾಡುತ್ತಾರೆ, ಸೀದಾ ನುಗ್ಗಿಸಿದರೆ ಸಾಕು' ಎಂದು ಕಾರು ಪಾರ್ಕಿಂಗ್ ಬಗೆಗಿನ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಇದನ್ನು ಒಪ್ಪಲು ಆಗಲಿಲ್ಲ. ಒಳಗೆ ಹೋಗುವಾಗ ಉಳಿಸಿದ ಅರ್ಧ ನಿಮಿಷ ಹೊರಗೆ ಬರುವಾಗ ಬಡ್ಡಿ ಸಮೇತ ಹೋಗುತ್ತದೆ.

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ನೋಡಿ. ಒಂದು ಪಕ್ಕ ಕಂಬ, ಇನ್ನೊಂದು ಪಕ್ಕ ದೊಡ್ಡ ಎಸ್‌ಯುವಿ. ಸೀದಾ ನುಗ್ಗಿಸಿದವರು ಹಿಂದೆ ಬರುವಾಗ ಅರ್ಧ ಕಾರು ದಾರಿಗೆ ಬಂದ ಮೇಲೇ ಅವರಿಗೆ ಆಚೀಚೆ ಕಾಣುವುದು. ಸಂಜೆ ಅಲ್ಲೇ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ, ಎದೆ ಧಸಕ್ ಅನ್ನುತ್ತೆ. 2019ರ ಜುಲೈನಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ನಿಜ. ಆದರೆ ಅದು ಹಿಂದಿರುವ ಗೋಡೆಯನ್ನು ಗುರುತಿಸುತ್ತದೆಯೇ ಹೊರತು, ಪಕ್ಕದಿಂದ ರಭಸವಾಗಿ ಬರುವ ಸೈಕಲನ್ನು ಗುರುತಿಸುತ್ತದೆ ಅಂತ ನಂಬುವ ಹಾಗಿಲ್ಲ.

ಇಕ್ಕಟ್ಟಿನ ಜಾಗದಲ್ಲಂತೂ ರಿವರ್ಸೇ ಸುಲಭ. ಸ್ಟಿಯರಿಂಗ್‌ಗೆ ತಿರುಗುವುದು ಮುಂದಿನ ಚಕ್ರ ಅಲ್ವಾ? ಹಿಂಭಾಗ ಕಂಬದ ಪಕ್ಕ ಸೇರಿಕೊಂಡ ಮೇಲೂ ಮುಂಭಾಗವನ್ನು ಅಗಲ ದಾರಿಯಲ್ಲೇ ತಿರುಗಿಸಿ ಕಾರನ್ನು ನೇರ ಮಾಡಬಹುದು. ಸೀದಾ ನುಗ್ಗಿಸಿದರೆ ಆ ಅವಕಾಶ ಇಲ್ಲ, ಹಿಂದಿನ ಬಾಗಿಲು ಕಂಬಕ್ಕೆ ಉಜ್ಜುವುದು ಹಾಗೇ.

ಹಾಗಂತ ಎಲ್ಲ ಕಡೆ ರಿವರ್ಸ್ ಅಂತ ಹಟ ಬೇಡ. ನೆಲಮಹಡಿಯ ಕಿಟಕಿ ಪಕ್ಕ ಸೈಲೆನ್ಸರ್ ತಿರುಗಿಸಿ ನಿಲ್ಲಿಸಿದರೆ ಹೊಗೆಯೆಲ್ಲ ಮನೆಯೊಳಗೆ ಹೋಗುತ್ತದೆ. ಅಲ್ಲಿ ಸೀದಾ ನಿಲ್ಲಿಸುವುದೇ ಸರಿ. ಓರೆ ಗೆರೆ ಎಳೆದ ಏಕಮುಖ ದಾರಿಯಲ್ಲೂ ಅಷ್ಟೇ. ಆ ಗೆರೆ ಎಳೆದಿರುವುದೇ ಸೀದಾ ನುಗ್ಗಿಸಲಿ ಅಂತ.